ಸರ್ ಮಾತು ಬಿಟ್ಟ ವರ್ಷ

ಆಟದ ಮೈದಾನ ಅಂದಮ್ಯಾಲೆ ಓಡೋರು, ಜಿಗಿಯೋರು ಎಷ್ಟು ಮಂದಿ ಇರ್ತಾರೋ, ಸಿಟ್ಟು ಮಾಡ್ಕೊಂಡು ಮಾರಿ ತಿರುವೋರೂ ಅಷ್ಟ ಮಂದಿ ಇರ್ತಾರ. ಇದು ಮುಗಿಯೋ ಕತಿ ಅಲ್ಲ ಬಿಡ್ರಿ. ನಾ ಈಗ ಕಲಘಟಗಿ ತಾಲೂಕಿನ್ಯಾಗ, ತಂಬೂರ ಕಡೆ ಒಂದು ಸಾಲ್ಯಾಗ ಪಿ.ಟಿ. ಟೀಚರ್ ಅದೀನಿ. ಮೊನ್ನೆ ಒಬ್ಬಾಕಿ ಕಬಡ್ಡಿ ಹುಡಗಿ ನನ್ನ ಮ್ಯಾಲೆ ಸಿಟ್ಟಾಗಿ ಮಾತು ಬಿಟ್ಟಳು. ಆಟದ ನಡುವ ಕುಂಟಿಕೋತ ಬಂದು, ನನ್ನ ಬಿಟ್ಟು ಬಾಜೂಕಿನ ಧ್ವಜದ ಕಂಬದ ಮಾರಿ ನೋಡಿ, "ಏ ಕಂಬ, ಅಕ್ಕಾರಿಗಿ ಹೇಳು, ನನ್ನ ಕಾಲು ಉಳಕೇತಿ" ಅಂದಳು.

ಉಳದ ಟೀಚರುಗಳೆಲ್ಲಾ ಹೊಟ್ಟಿ ಹಿಡ್ಕೊಂಡು ನಕ್ಕರು. ನಾನೂ ನಕ್ಕೆ. ನಗೂದು ಮುಗದಮ್ಯಾಲೆ ಮಾತ್ರ ಯಾಕೋ ಎದಿ ಭಾರ ಆತು. ಮಾತು ಬಿಟ್ಟವರ ಮುಂದ ನಿಲ್ಲೂದು ಎಂಥಾ ಕಷ್ಟ ಅಂತ ನನಗ ಗೊತ್ತೈತ್ರಿ. ನಾ ಒಂಬತ್ತನೇ ಕ್ಲಾಸಿನ್ಯಾಗ ಇದ್ದಾಗ ನನ್ನ ಕೂಡ ಮಾತು ಬಿಟ್ಟವರು ಇಂಥಾ ಹುಡಗಿ ಅಲ್ಲ, ಅರ್ಧ ತಲಿ ಬೆಳ್ಳಗಾದ ನಮ್ಮ ಪಿ.ಟಿ. ಸರ್.

ಮೊದಲ ಒಂದು ಮಾತು ಹೇಳಿಬಿಡ್ತೀನಿ. ನಮ್ಮೂರು ಸಂಶಿ ಬಾಜೂಕಿನ ಸಣ್ಣ ಹಳ್ಳಿ. ನಾ ಮೂರು ಸಾವಿರ ಮೀಟರ್ ಓಡತಿದ್ದೆ. ಮೊದಲ ನನ್ನ ಜೋಡಿ ಓಡೋ ಗೆಳತ್ಯಾರು ಇದ್ರು. "ದೊಡ್ಡಾಕಿ ಆದಿ, ಸಾಕಿನ್ನ ಚಡ್ಡಿ ಹಾಕ್ಕೊಂಡು ಓಡೂದು" ಅಂತ ಒಬ್ಬೊಬ್ಬರ ಮನ್ಯಾಗ ನಿಲ್ಲಿಸಿ, ಕಡೀಕ ನಾ ಒಬ್ಬಾಕಿನ ಉಳದೆ. ಅಪ್ಪ ಲಾರಿ ಹೊಡಿಯಾಕ ಹೋದ್ರ ವಾರಗಟ್ಲೆ ಬರಂಗಿಲ್ಲ. ಅವ್ವ ಹತ್ತಿ ಬಿಡಿಸಾಕ, ಮೆಣಸಿನಕಾಯಿ ಹರಿಯಾಕ ಹೋದ್ರ ಸಂಜಿಕ ಬಂದು ದಣದು ಮಲಗಾಕಿ. ಅಣ್ಣ ಧಾರವಾಡದ ಹಾಸ್ಟೆಲಿನ್ಯಾಗ. ಓಣಿ ಹುಡಗ್ಯಾರು ನನಗ "ಗಂಡಬೀರಿ" ಅಂತ ಹೆಸರಿಟ್ಟು ದೂರ ಇದ್ರು. ಇಡೀ ದಿನದಾಗ ನನ್ನ ಕೂಡ ನಾಕು ಮಾತು ಆಡೋರು ಅಂದ್ರ ಸರ್ ಒಬ್ಬರ. ಆ ನಾಕೂ ಬೈಗಳ. ಇರಲಿ, ಬೈಗಳಾದ್ರೂ ಮಾತ ಅಲ್ಲೇನ್ರಿ? ಅವೂ ಬಂದ್ ಆದ್ವು.

ಎಲ್ಲಾರ ಕಾಲೂ ಮುಟ್ಟಿದ್ದು

ಕುಂದಗೋಳದಾಗ ತಾಲೂಕಾ ಕ್ರೀಡಾಕೂಟ. ನಾ ಫಸ್ಟ್ ಬಂದೆ. ಜೀವನದಾಗ ಮೊದಲನೇ ಸಲ ಸ್ಟೇಜ್ ಹತ್ತೂ ಯೋಗ. ಅವ್ವ ಮುಂಜಾನೆನ ಹೇಳಿ ಕಳಿಸಿದ್ದಳು, "ಗೆದ್ರ ಹಿರೇರ ಕಾಲು ಮುಟ್ಟಿ ನಮಸ್ಕಾರ ಮಾಡು, ಸೊಕ್ಕು ಮಾಡಬ್ಯಾಡ."

ಸೊಕ್ಕು ಮಾಡಲಿಲ್ರಿ. ಸ್ಟೇಜಿನ ಮ್ಯಾಲೆ ಕಾಲು ಅಂತ ಕಂಡಿದ್ದೆಲ್ಲಾ ಮುಟ್ಟಿದೆ. ಹೆಡ್ ಮಾಸ್ತರದು, ಅತಿಥಿಗಳದು, ಹಾರ ಹಿಡ್ಕೊಂಡು ನಿಂತವರದು. ಒಬ್ಬರು ಮೂಲ್ಯಾಗ ಕುಕ್ಕರಗಾಲಿಲೆ ಕುಂತಿದ್ರು, ಅವರದೂ ಮುಟ್ಟಿದೆ. "ಏ ತಂಗಿ, ಕರೆಂಟ್ ಐತಿ!" ಅಂತ ಚೀರಿದ್ರು. ನೋಡಿದ್ರ ಮೈಕಿನವರು, ವೈರ್ ಕೂಡಸಾಕತ್ತಿದ್ರು.

ಸಾಲಿನ ಕಡೀಕ ನಮ್ಮ ಸರ್. ಅವತ್ತಿಗಂತ ಅಂಗಿ ಇಸ್ತ್ರಿ ಮಾಡಿಸಿ, ತಲಿ ಬಾಚಿ, ಎದಿ ಉಬ್ಬಿಸಿ, ಬಲಗಾಲು ಒಂಚೂರು ಮುಂದ ಇಟ್ಕೊಂಡು ನಿಂತಿದ್ರಂತ. "ಅಂತ" ಯಾಕಂದ್ರ ನಾ ನೋಡಲ ಇಲ್ಲ. ಅವರ ಹಂತೇಕ ಬರೂದಕ್ಕ ಫೋಟೋದವ "ತಂಗಿ, ಈ ಕಡೆ ನೋಡು" ಅಂದ. ನೋಡಿದೆ, ಹಲ್ಲು ಕಿಸದೆ, ಹಂಗ ಇಳದು ಹೋದೆ.

ವಾಪಸ್ ಬರೂಮುಂದ ಟೆಂಪೋದಾಗ ಸರ್ ಒಂದೂ ಮಾತಾಡಲಿಲ್ಲ. ದಣದಾರ ಅಂತ ತಿಳ್ಕೊಂಡೆ. ಮರುದಿನಾನೂ ಮಾತಿಲ್ಲ. ಮೈದಾನದ ಎದುರಿಗಿ ಚಹಾದಂಗಡಿ ಚಾಚಾ ಇದ್ರು. ಸರ್ ಸುಖದುಃಖ ಎಲ್ಲಾ ಅವರ ಮುಂದ. ಚಾಚಾ ನನ್ನನ್ನ ಬಾಜೂಕ ಕರದು ಹೇಳಿದ್ರು, "ಬೇಟಾ, ನಿಮ್ಮ ಸರ್ ನಿನ್ನ ಕೂಡ ಮಾತು ಬಿಟ್ಟಾರ. ಅಲ್ಲವಾ, ಆ ಮೈಕಿನವನ ಕಾಲು ಹುಡುಕ್ಯಾಡಿ ಮುಟ್ಟೀಯಂತ, ಇಷ್ಟುದ್ದ ಮನಷಾ ಕಾಲು ಮುಂದ ಇಟ್ಕೊಂಡು ನಿಂತ್ರ ಕಾಣಲಿಲ್ಲೇನು?"

ಲೆಕ್ಕಕ್ಕ ಬರಲಾರದ ನಮಸ್ಕಾರ

ಇಷ್ಟ ಅಲ್ಲೇನು, ಈಗ ಮುಟ್ಟಿದ್ರಾತು ಅಂದ್ಕೊಂಡೆ. ಮರುದಿನ ಮುಂಜಾನೆ ಸರ್ ಚಹಾದಂಗಡಿ ಮುಂದ ಸ್ಕೂಟರಿಗಿ ಸ್ಟ್ಯಾಂಡ್ ಹಾಕಿ, ಅದರ ಮ್ಯಾಲೆ ಒಂದ ಕಡೆ ಕಾಲು ಇಳಿಬಿಟ್ಟು ಕುಂತು ಚಹಾ ಕುಡಿಯಾಕತ್ತಿದ್ರು. ಸಪ್ಪಳ ಮಾಡಲಾರದ ಹೋಗಿ ಬಗ್ಗಿದೆ.

ಸರ್ ಓಟಗಾರರಿಗೆ ಕಲಸೋರಲ್ಲೇನ್ರಿ, ಭಾಳ ಚುರುಕು. ನಾ ಬಗ್ಗಿದ ಕೂಡಲೆ ಎರಡೂ ಕಾಲು ಗಪ್ಪನ ಮ್ಯಾಲೆ ಎತ್ತಿದ್ರು. ಸರ್ ಕಾಲೆತ್ತಿದ್ದಕ್ಕ ಸ್ಕೂಟರ್ ಸುಮ್ನಿರತೈತೇನು? ಆ ಕಡೆ ವಾಲಿತು. ಸ್ಕೂಟರ್, ಸರ್, ಚಹಾದ ಗ್ಲಾಸು ಎಲ್ಲಾ ಕೂಡೇ ಧಡ್ ಅಂತ ಬಿದ್ದು ಸರ್ ಎರಡೂ ಕಾಲು ಆಕಾಶಕ್ಕ ನಿಂತ್ವು.

ಇದ ಛಾನ್ಸು ಅನಿಸ್ತು ನನಗ. ಹಾರಿ ಹೋಗಿ ಎರಡೂ ಪಾದ ಮುಟ್ಟಿ ಹಣಿಗಿ ಹಚ್ಕೊಂಡೆ.

ಚಾಚಾ ಓಡಿ ಬಂದು ಎಬ್ಬಿಸಿದ್ರು. ಸರ್ ಎದ್ದು, ಪ್ಯಾಂಟಿನ ಮಣ್ಣು ಜಾಡಿಸಿ, ತಲಿ ಸರಿ ಮಾಡ್ಕೊಂಡು, ನನ್ನ ಕಡೆ ನೋಡಲಾರದ ಅಗದಿ ಗಂಭೀರ ಆಗಿ ಅಂದ್ರು, "ಚಾಚಾ, ಹೇಳ್ರಿ ಆಕಿಗಿ. ಬಿದ್ದವರಿಗಿ ಮಾಡಿದ ನಮಸ್ಕಾರ ಲೆಕ್ಕಕ್ಕ ಬರಂಗಿಲ್ಲ."

ನಡುವ ನಿಂತ ಚಾಚಾ

ಮಾತು ಬಿಟ್ಟಿದ್ರು, ಕಲಸೂದು ಬಿಟ್ಟಿದ್ದಿಲ್ಲ. ಮುಂಜಾನೆ ವ್ಯಾಳ್ಯಾಕ್ಕ ಬರೋಬರಿ ಬರೋರು, ಮೈದಾನದ ದಂಡಿಗೆ ಕುರ್ಚಿ ಹಾಕ್ಕೊಂಡು ಕುಂಡ್ರೋರು, ಹೇಳೂದೆಲ್ಲಾ ಚಾಚಾಗ ಹೇಳೋರು. "ಮಗಳ, ನಿನಗ ಹೇಳ್ತೀನಿ, ಸೊಸಿ ನೀ ತಿಳ್ಕೋ" ಅಂತಾರಲ್ಲ, ಹಂಗ. ಬಿಳೇ ದಾಡಿ ಚಾಚಾ ಮಗಳು, ನಾ ಸೊಸಿ. ಪಾಪ, ಕೈಯಾಗ ಚಹಾದ ಕೇಟ್ಲಿ ಹಿಡ್ಕೊಂಡ ನಮ್ಮಿಬ್ಬರ ನಡುವ ಬಂದು ನಿಲ್ಲೋರು.

"ಚಾಚಾ, ಮಣಕಾಲು ಇನ್ನೂ ಮ್ಯಾಲೆ ಬರಬೇಕು ಅಂತ ಹೇಳ್ರಿ."

ಚಾಚಾ ನನ್ನ ಕಡೆ ತಿರಗೋರು. "ಬೇಟಾ, ಮಣಕಾಲು ಮ್ಯಾಲೆ ಬರಬೇಕಂತ. ಹೊಟ್ಟಿಗಿ ಏನರೆ ತಿಂದಿಯಿಲ್ಲ?"

"ಹೊಟ್ಟಿ ಮಾತು ನಾ ಆಡಿಲ್ಲ," ಅಂದ್ರು ಸರ್.

"ಅವರು ಆಡಿಲ್ಲಂತ ಬೇಟಾ, ಇದು ನಂದು. ತಿಂದಿಯಿಲ್ಲ?"

"ಇಲ್ರಿ ಚಾಚಾ."

"ತಿಂದಿಲ್ಲಂತ್ರಿ ಸರ್."

ಸರ್ ಕಿಸೇಕ ಕೈ ಹಾಕಿದ್ರು. "ಎರಡು ಬಾಳಿಹಣ್ಣು ಕೊಡ್ರಿ. ನಾ ಕೊಡಿಸಿದೆ ಅಂತ ಹೇಳಬ್ಯಾಡ್ರಿ."

ಚಾಚಾ ಹಣ್ಣು ತಂದು ಕೈಯಾಗಿಟ್ಟು ಮೈದಾನಕ್ಕೆಲ್ಲಾ ಕೇಳೂ ಹಂಗ ಅಂದ್ರು, "ತಗೋ ಬೇಟಾ. ಇವು ಸರ್ ಕೊಡಿಸಿಲ್ಲ."

ದಿನಾ ಹೋದಂಗ ಚಾಚಾಗೂ ರುಚಿ ಹತ್ತಿತು. ಸರ್ ಅಂದಿದ್ದನ್ನ ಅಂದಂಗ ದಾಟಸೂದು ಬಿಟ್ಟು, ಸಕ್ರಿ ಹಾಕಾಕ ಶುರು ಮಾಡಿದ್ರು. ಒಂದಿನ ಮಳಿ ಆಗಿ ಎರಿ ಮಣ್ಣು ಬೂಟಿಗಿ ಹೆಂಟಿ ಹೆಂಟಿ ಹತ್ತಿತ್ತು. ಕಾಲು ಕಿತ್ತಿಡೂದ ಸಾಹಸ. ಸರ್ ಅಂದ್ರು, "ಬಸರಿ ಎಮ್ಮಿ ಹಂಗ ಓಡಾಕತ್ತಾಳ, ಹೇಳ್ರಿ."

ಚಾಚಾ ಅಂದ್ರು, "ಬೇಟಾ, ಇಂಥಾ ರಾಡ್ಯಾಗೂ ಭಾಳ ಚಲೋ ಓಡಿದಿಯಂತ."

ಸರ್ ಕುರ್ಚಿ ಬಿಟ್ಟು ಎದ್ರು. "ಏ ಚಾಚಾ! ನಾ ಹಂಗ ಅಂದೆನೇನು?"

ಚಾಚಾ ಕೇಟ್ಲಿ ಕೆಳಗಿಟ್ಟು, ದಾಡಿ ನೀವಿಕೋತ ಅಂದ್ರು, "ಸರ್, ನೀವು ಮಾತು ಬಿಟ್ಟೀರಿ. ಬಿಟ್ಟ ಮಾತು ನಾ ತಗೊಂಡೀನಿ. ಈಗ ಅದು ನಂದು, ನನಗ ತಿಳದಂಗ ಆಡ್ತೀನಿ."

ಕೆರಿ ದಂಡಿಗೆ ಬಂದ ಮಂದಿ

ಒಂದು ಸಲ ಚಾಚಾ ಮದವಿಗಂತ ಅಣ್ಣಿಗೇರಿಗೆ ಹೋದ್ರು. ಮರುದಿನ ಮೈದಾನ ಬಿಟ್ಟು ಕೆರಿ ದಂಡಿ ಮ್ಯಾಲೆ ಓಡಬೇಕಾಗಿತ್ತು. ಅದನ್ನ ನನಗ ಹೇಳೋರ್ಯಾರು? ಸರ್ ಸಂಜಿಕ ವಾಟ್ಸಾಪ್ ಸ್ಟೇಟಸ್ ಇಟ್ರು: "ನಾಳೆ ಮುಂಜಾನೆ ಕೆರಿ ದಂಡಿಗೆ ಬರಲಾರದವರು ನಮ್ಮವರಲ್ಲ. ಯಾರಿಗೆ ಹೇಳೀನಿ ಅವರಿಗೆ ಗೊತ್ತೈತಿ."

ಅವ್ವನ ಫೋನಿನ್ಯಾಗ ನೋಡಿ ನಾ ಕುಣದೆ. ನನಗ ಅಂತ ಸರ್ ಎರಡು ಸಾಲು ಬರದಿದ್ರಲ್ಲ!

ಆದ್ರ ನಮ್ಮ ಕಡೆ ಸ್ಟೇಟಸ್ ಇಡೂದು ಯಾರಿಗರೆ ಚುಚ್ಚಾಕ ಅಂತ ಎಲ್ಲಾರಿಗೂ ಗೊತ್ತು. ಅದಕ್ಕ ಓದಿದವರೆಲ್ಲಾ ಇದು ತಮಗ ಅಂತ ತಿಳ್ಕೊಂಡಿದ್ರು. ಮುಂಜಾನೆ ಹೋಗಿ ನೋಡಿದ್ರ ಕೆರಿ ದಂಡಿ ಮ್ಯಾಲೆ ಸರ್ ಬಾಡಗಿ ಮನಿ ಮಾಲಕರು, ನಮ್ಮ ಸಾಲಿ ಕ್ಲಾರ್ಕು, ನವಲಗುಂದದಿಂದ ಫಸ್ಟ್ ಬಸ್ಸಿಗೆ ಎದ್ದುಬಿದ್ದು ಬಂದ ಸರ್ ಹೆಂಡ್ತಿ ತಮ್ಮ, ಮೂವರೂ ಮಾರಿ ಸಣ್ಣ ಮಾಡ್ಕೊಂಡು ನಿಂತಾರ.

"ಮಾವಾರ, ಪಂಚಮಿಗಿ ಅಕ್ಕನ್ನ ತವರಿಗಿ ಕರಿಯಾಕ ತಡಾ ಮಾಡಿ ಬಂದೆ ಅಂತ ಇನ್ನೂ ಸಿಟ್ಟೇನ್ರಿ?" ಅಂದ ಹೆಂಡ್ತಿ ತಮ್ಮ.

"ನಳದ ನೀರಿನ ಮಾತು ಮನಿ ಒಳಗ ಬಗೀಹರಿಸ್ಕೋಬೇಕ್ರಿ ಸರ್, ಹಿಂಗ ಜಗಜ್ಜಾಹೀರ ಮಾಡೂದೇನು?" ಅಂದ್ರು ಮಾಲಕರು.

"ಸ್ಟಾಫ್ ರೂಮಿನ ನಿಮ್ಮ ಕುರ್ಚಿ ನಾ ತಗೊಂಡಿಲ್ರಿ, ದೇವರಾಣಿ," ಅಂದ್ರು ಕ್ಲಾರ್ಕು.

ಇದು ನಿಮಗಲ್ಲ, ಈ ಹುಡಗಿಗಿ ಅಂದ್ರ ಮುಗೀತಿತ್ತು. ಅನ್ನಬೇಕಲ್ಲ! ನನ್ನ ಹೆಸರು ಬಾಯಾಗ ತಗೊಳ್ಳೂದಕಿಂತ ಸಾಯೂದು ಚಲೋ ಅಂತ ಸರ್ ಸೀಟಿ ಬಾಯಿಗಿಟ್ಟು ಜೋರಲೆ ಊದಿದ್ರು. ಮೂವರೂ ಒಬ್ಬರ ಮಾರಿ ಒಬ್ಬರು ನೋಡ್ಕೊಂಡು, ಧೋತರ ಎತ್ತಿ ಕಟ್ಟೋರು ಕಟ್ಟಿ, ಓಡಾಕ ಹತ್ತಿದ್ರು.

ನಿಮಗ ನಗಿ ಬರಬಹುದು. ನನಗ ಅವತ್ತು ಕಣ್ಣಾಗ ನೀರು ಬಂದ್ವು. ಎಷ್ಟೋ ತಿಂಗಳ ಮ್ಯಾಲೆ ನನ್ನ ಬೆನ್ನ ಹಿಂದ ಮಂದಿ ಓಡೋ ಸಪ್ಪಳ ಕೇಳಿದ್ದೆ. ಏದುಸಿರು ಬಿಡೋ ಸಪ್ಪಳ, ಚಪ್ಪಲಿ ಪಟಪಟ, "ಅಯ್ಯಯ್ಯೋ ಯಪ್ಪಾ" ಅನ್ನೂದು. ಜೋಡಿ ಐತಿ ಅನಿಸಿ ಬೇಕಂತಲೆ ಸಾವಕಾಶ ಓಡಿದೆ.

ಒಂದು ಸುತ್ತು ಮುಗಸೂದ್ರಾಗ ಮಾಲಕರು ಬೇವಿನ ಗಿಡಕ್ಕ ತೆಕ್ಕಿ ಬಿದ್ದು ನಿಂತ್ರು. ಉಸರು ತಿರುಗಿ ಬಂದಮ್ಯಾಲೆ ಕೇಳಿದ್ರು, "ಸರ್, ನೀರು ದಿನಾ ಬಿಡ್ತೀನ್ರಿ. ಒಂದು ಸುತ್ತಿನ್ಯಾಗ ಮಾಫಿ ಮಾಡ್ತೀರೇನು?"

ಉಲ್ಟಾ ಓಟ

ಸುಳ್ಳ್ಯಾಕ ಹೇಳ್ಲಿ, ಆ ದಿನಗಳದಾಗ ಭಾಳ ಅತ್ತೀನ್ರಿ. ಚಾಚಾ ಎಷ್ಟ ಸಕ್ರಿ ಹಾಕಿ ಹೇಳಿದ್ರೂ ಅದು ಚಾಚಾನ ಮಾತು. ನನಗ ಸರ್ ಬೈಗಳ ಬೇಕಾಗಿತ್ತು. ಓಡಿ ಬಂದು ಮನಿ ಕೀಲಿ ತಗದು, ಒಳಗ ಯಾರೂ ಇಲ್ಲದ್ದು ನೋಡಿ ಹೊಸ್ತಿಲ ಮ್ಯಾಲೆನ ಕುಂಡ್ರತಿದ್ದೆ. ಜಿಲ್ಲಾ ಕ್ರೀಡಾಕೂಟ ಹಂತೇಕ ಬಂದಿತ್ತು. ಗೆಲ್ಲೂದಿರಲಿ, ಒಮ್ಮೆ "ಏ ಹುಡಗಿ" ಅಂದ್ರ ಸಾಕು ಅನ್ನೋ ಹಂಗಾಗಿತ್ತು.

ತಡಿಯಾಕಾಗಲಾರದ ಒಂದಿನ ಸರ್ ಇಲ್ಲದ ಹೊತ್ತು ನೋಡಿ ಅವರ ಮನಿಗಿ ಹೋದೆ. ಸರ್ ಹೆಂಡ್ತಿ ರೊಟ್ಟಿ ಬಡಿಯಾಕತ್ತಿದ್ರು. ನನ್ನ ಅಳು ನೋಡಿ ಬಿಸಿ ರೊಟ್ಟಿ, ಬೆಣ್ಣಿ ಕೊಟ್ಟು ಕುಂಡ್ರಿಸಿದ್ರು.

"ಅದಕ್ಯಾಕ ಅಳ್ತಿಯವಾ? ಲಗ್ನ ಆದ ಹೊಸದಾಗ ನನ್ನ ಕೂಡನೂ ಮಾತು ಬಿಟ್ಟಿದ್ರು. ನನಗ ಗೊತ್ತಾಗಿದ್ದು ನಾಕು ದಿನ ಆದಮ್ಯಾಲೆ. ಅಲ್ಲೀತನಕ ಎಂಥಾ ಶಾಂತ ಮನಿಗಿ ಬಂದೀನಿ, ದೇವರು ದೊಡ್ಡವ ಅಂದ್ಕೊಂಡಿದ್ದೆ."

ಅಳೂ ನಡುವನೂ ನನಗ ನಗಿ ಬಂತು. "ಮತ್ತ ಹೆಂಗ ಮಾತಾಡಿಸಿದ್ರಿ ಅಮ್ಮಾರ?"

"ಆ ಮನಷಾಗ ಮಾತು ಬಿಡೂದಷ್ಟ ಬರತೈತಿ, ಹಿಡಿಯೂದು ಬರಂಗಿಲ್ಲ. ಆದ್ರ ತಪ್ಪು ಕಂಡ್ರ ಬಾಯಿ ತಡ್ಯಂಗಿಲ್ಲ. ಉಪ್ಪು ಹಾಕಲಾರದ ಸಾರು ಬಡಿಸಿದೆ. 'ಉಪ್ಪೆಲ್ಲಿ?' ಅಂದ್ರು. ಮುಗೀತು." ಆಮ್ಯಾಲೆ ರೊಟ್ಟಿ ತಿರುವಿ ಹಾಕಿ ಸಣ್ಣ ದನಿಲೆ ಅಂದ್ರು, "ಅವರಿಗೂ ಮೈದಾನಕ್ಕ ನೀ ಒಬ್ಬಾಕಿನ ಉಳದೀಯವಾ. ಹೇಳಾಕ ಬರಂಗಿಲ್ಲ ಅಷ್ಟ."

ಮರುದಿನ ನಾನೂ ಉಪ್ಪು ಬಿಡೂಣು ಅಂತ ನಿರ್ಧಾರ ಮಾಡಿದೆ. ಓಟದಾಗ ಯಾವಾಗಲೂ ಎಡಗೈ ಮೈದಾನದ ಒಳಮಗ್ಗಲಕ್ಕ ಬರೂ ಹಂಗ ಸುತ್ತಬೇಕು. ನಾ ಬಲಗೈ ಒಳಗ ಮಾಡಿ ಉಲ್ಟಾ ಸುತ್ತಾಕ ಹತ್ತಿದೆ. ಮೊದಲನೇ ಸುತ್ತಿಗೆ ಸರ್ ಕಣ್ಣು ದೊಡ್ಡವಾದ್ವು. ಎರಡನೇದಕ್ಕ ಸೀಟಿ ಬಾಯಿ ತನಕ ಬಂದು ವಾಪಸ್ ಹೋತು. ಮೂರನೇದಕ್ಕ ಬಾಯಿ ತಗದ ಬಿಟ್ರು. ಚಾಚಾ ಕೇಟ್ಲಿ ಎತ್ತಿ ಹಿಡ್ಕೊಂಡು ನಿಂತ್ರು. ಬಂತು, ಬಂತು ಅಂದ್ಕೊಂಡೆ.

ಸರ್ ಬಾಯಿ ಮುಚ್ಚಿದ್ರು. ಎದ್ರು. ಕುರ್ಚಿ ಎತ್ತಿ ಹಿಂದುಮುಂದು ತಿರುವಿ ಇಟ್ಟು, ನನಗ ಬೆನ್ನು ಮಾಡಿ ಕುಂತ್ರು.

ಚಾಚಾ ದೂರದಿಂದನ ಕೂಗಿದ್ರು, "ಬೇಟಾ, ಓಡಕೋತ ಇರು! ಈಗ ಸರ್‌ಗೂ ಉಲ್ಟಾ ಆತು, ನಿನಗೂ ಉಲ್ಟಾ ಆತು, ಬರೋಬರಿ ಆತು!"

ಧಾರವಾಡದ ಓಟ

ಜಿಲ್ಲಾ ಕ್ರೀಡಾಕೂಟಕ್ಕ ಧಾರವಾಡಕ್ಕ ಹೋದ್ವಿ. ಬಸ್ಸಿನ್ಯಾಗ ಸರ್ ಮುಂದಿನ ಸೀಟು, ನಾ ಹಿಂದಿನ ಸೀಟು. ಚಾಚಾ ಅಂಗಡಿ ಬಿಟ್ಟು ಬರಾಕ ಆಗಿದ್ದಿಲ್ಲ. ಮೈದಾನದಾಗ ಅಷ್ಟೆಲ್ಲಾ ಮಂದಿ, ಸಪ್ಪಳ. ಎಲ್ಲಾ ಹುಡಗ್ಯಾರ ಬಾಜೂಕ ಅವರವರ ಸರ್ ನಿಂತು ಬೆನ್ನು ಚಪ್ಪರಿಸಿ ಏನೇನೋ ಹೇಳಾಕತ್ತಿದ್ರು. ನಮ್ಮ ಸರ್ ಆ ಕಡೆ ಈ ಕಡೆ ನೋಡಿ, ಗುರ್ತಿಲ್ಲದ ಒಬ್ಬರನ್ನ ಹಿಡದು, "ರಿ, ಆ ಹುಡಗಿಗಿ ಬೂಟಿನ ಲಾಡಿ ಬಿಗಿ ಕಟ್ಕೋ ಅಂತ ಹೇಳ್ರಿ" ಅಂದ್ರು.

"ನಾ ಯಾಕ್ರೀ ಹೇಳ್ಲಿ? ಆಕಿ ಬಾಜೂಕ ನಿಂತಾಕಿ ನಮ್ಮ ಹುಡಗಿ!" ಅಂದ್ರು ಅವರು.

ಲಾಡಿ ನಾನ ಕಟ್ಕೊಂಡೆ. ಓಟ ಶುರು ಆತು. ಮೊದಲ ಇಬ್ಬರು ವಿಭಾಗ ಮಟ್ಟಕ್ಕ ಹೋಗೋರು. ಕಡೀ ಸುತ್ತಿನ ಗಂಟಿ ಹೊಡದಾಗ ನಾ ಎರಡನೇದಾಕಿ ಇದ್ದೆ, ಖರೇನ್ರಿ! ಎದಿ ಒಡದು ಹೋಗೋ ಹಂಗ ಆಗಿತ್ತು. ಹಿಂದ ಯಾರೋ ಬರೂ ಸಪ್ಪಳ ಕೇಳಿ ತಿರುಗಿ ನೋಡಿದೆ. ಓಟದಾಗ ಹಿಂದ ನೋಡೂದಕ್ಕಿಂತ ದೊಡ್ಡ ತಪ್ಪಿಲ್ಲ. ಆಗ ತಂತಿಬೇಲಿ ಹಂತೇಕಿಂದ ಇಡೀ ಮೈದಾನ ನಡಗೂ ಹಂಗ ಒಂದು ದನಿ ಬಂತು.

"ಏ ಹುಡಗಿ! ಹಿಂದೇನ್ ನೋಡ್ತಿ, ನಿಮ್ಮಪ್ಪ ಬಂದಾನೇನು? ಓಡ!"

ನಾ ನಿಂತುಬಿಟ್ಟೆ.

ಹೂನ್ರಿ, ನಿಂತೆ. ಓಟದ ನಡುವ. ಬೇಲಿ ಕಡೆ ತಿರುಗಿ, "ಸರ್, ನನಗ ಅಂದ್ರೇನ್ರಿ?" ಅಂತ ಕೇಳಿದೆ.

"ನಿನಗಲ್ಲದ ಮತ್ಯಾರಿಗಿ ಅನ್ಲಿ? ಓಡ!"

"ನನ್ನ ಕೂಡ ಮಾತಾಡಿದ್ರೇನ್ರಿ ಸರ್?"

"ಮಾತಾಡಿದೆ ಬೇ ಹುಚ್ಚಿ, ಮಾತಾಡಿದೆ! ಕೈ ಮುಗೀತೀನಿ, ಓಡ!"

ಅಷ್ಟರಾಗ ಇಬ್ಬರು ನನ್ನ ಬಾಜೂಕಿಂದ ಹಾದು ಹೋಗಿದ್ರು. "ಹೂನ್ರಿ ಸರ್" ಅಂದು ಓಡಿದೆ. ನಾಕನೇದಾಕಿ ಆಗಿ ಮುಗಿಸಿದೆ. ಹಲ್ಲು ಕಿಸಕೋತ ನಾಕನೇದಾಕಿ ಬಂದಿದ್ದನ್ನ ಅಲ್ಲಿ ಕುಂತವರು ಯಾರೂ ನೋಡಿದ್ದಿಲ್ಲಂತ. ವಿಭಾಗ ಮಟ್ಟ ಹೋತು. ಈಗೂ ನೆನಸಿದ್ರ ಬ್ಯಾಸರ ಆಗ್ತೈತಿ, ಇಲ್ಲಾ ಅನ್ನಂಗಿಲ್ಲ.

ವಾಪಸ್ ಬರೂಮುಂದ ಸರ್ ಹಿಂದಿನ ಸೀಟಿಗಿ, ನನ್ನ ಬಾಜೂಕ ಬಂದು ಕುಂತ್ರು. ಧಾರವಾಡ ಸ್ಟ್ಯಾಂಡಿನ್ಯಾಗ ಬೈಯಾಕ ಶುರು ಮಾಡಿದ್ರು. ಹುಬ್ಬಳ್ಳ್ಯಾಗ ಇಳದು ನಮ್ಮೂರ ಬಸ್ ಹತ್ತೂಮುಂದನೂ ನಿಲ್ಲಿಸಲಿಲ್ಲ. "ತಲ್ಯಾಗ ಮಿದಳೈತೋ ಎರಿ ಮಣ್ಣೈತೋ? ಓಟದಾಗ ನಿಂತು ಹರಟಿ ಹೊಡ್ಯಾಕ ಅದೇನ್ ನಿಮ್ಮವ್ವನ ಕಟ್ಟಿ ಏನು?" ಎಷ್ಟು ತಿಂಗಳದಿಂದ ಕೂಡಿಟ್ಟಿದ್ರೋ, ಒಂದರ ಹಿಂದ ಒಂದು. ನಾ ಕಿಡಕಿ ಕಡೆ ಮಾರಿ ಮಾಡಿ ಕೇಳ್ಕೋತ ಕುಂತಿದ್ದೆ. ಅಳು ತಡದು ತಡದು ಕಡೀಕ ಬಿಕ್ಕಿ ಬಂದಬಿಡ್ತು.

ಕಂಡಕ್ಟರ್ ಅಕ್ಕಗ ತಡಿಯಾಕಾಗಲಿಲ್ಲ. ಹಂತೇಕ ಬಂದು, "ಸಾಕ ಬಿಡ್ರಿ ಸರ್! ಹುಡಗಿ ಹೆಂಗ ಅಳಾಕತ್ತಾಳ ನೋಡ್ರಿ. ಎಷ್ಟರ ಬೈತೀರಿ?" ಅಂದ್ರು.

ಸರ್ ಅರ್ಧ ಮಾತಿಗೆ ಗಪ್ ಆದ್ರು. ಮತ್ತ ಮಾತು ಬಿಟ್ರೇನು? ಗಡಬಡಿಸಿ ಎದ್ದು ನಿಂತು ಅಂದೆ, "ಅಕ್ಕಾ, ನಡುವ ಬಾಯಿ ಹಾಕಬ್ಯಾಡ್ರಿ! ನಮ್ಮೂರು ಬರೂತನಕ ಬೈಲಿ ಬಿಡ್ರಿ, ಟಿಕೆಟ್ ಅಲ್ಲೀತನಕ ತಗೊಂಡೀವಿ!"